‘ಬ್ಯಾಟರಿ ಮುಗೀತು’: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕೊಡಗಿನ ನಾಪೋಕ್ಲು ಕಡೆಯ ಮನೆ. ಉಪ್ಪ (ಅಪ್ಪ) ದುಬೈಯಲ್ಲಿ, ಇಲ್ಲಿ ಉಮ್ಮ (ಅಮ್ಮ), ಅಜ್ಜಿ, 4 ವರ್ಷದ ಮಗ. ಜಡಿಮಳೆಗೆ ಅಂಗಳಕ್ಕಿಳಿಯಲಾಗದೆ ಹಿಡಿದ ಮೊಬೈಲನ್ನು ಮಳೆ ನಿಂತರೂ ಬಿಟ್ಟಿಲ್ಲ. ಪತ್ತಿರಿಯ (ಅಕ್ಕಿರೊಟ್ಟಿಯ) ತುಂಡು ಬಾಯಿಗೆ ಹೋಗಬೇಕಾದರೂ ಎದುರಿಗೆ ಕಾರ್ಟೂನು ಓಡಬೇಕು. ಉಮ್ಮನ ಬಳಿ ಇದ್ದ ಉಪಾಯ ಎರಡೇ: ‘ಬ್ಯಾಟರಿ ಮುಗೀತು’, ‘ಶೈತಾನ್ ಬರ್ತಾನೆ’.

ಆಪ್ತಸಲಹೆಯಲ್ಲಿ ನಾವು ಮೊದಲು ಬಿಡಿಸಿದ್ದು ಇವೆರಡನ್ನೇ. ಏನೋ ಕೊಡುತ್ತೇನೆಂದು ಮಗುವನ್ನು ಕರೆದ ತಾಯಿಗೆ, ‘ಏನೂ ಕೊಡದೆ ಇದ್ದಿದ್ದರೆ ನಿನ್ನ ಮೇಲೆ ಒಂದು ಸುಳ್ಳು ಬರೆಯಲ್ಪಡುತ್ತಿತ್ತು’ ಎಂದು ಪ್ರವಾದಿಯವರು (ಸ) ಹೇಳಿದ ಮಾತು ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಬ್ಯಾಟರಿಯ ಮಾತಿಗೂ ಅದು ಅನ್ವಯಿಸುತ್ತದೆ. ಶೈತಾನನ ಹೆದರಿಕೆಯಂತೂ ಇನ್ನೂ ಕೆಟ್ಟದ್ದು. ಶೈತಾನ ಬರುತ್ತಾನೆಂದು ಹೆದರಿಸುವ ಅದೇ ಫೋನಿನಲ್ಲಿ ಉಪ್ಪನ ಮುಖವೂ ಕಾಣುತ್ತದಲ್ಲ! ‘ಇವತ್ತಿನದು ಆಯ್ತು ಮೋನೆ (ಮಗನೇ), ಇನ್ನು ನಾಳೆ’ ಎಂದರೆ ಸಾಕು.

2ರಿಂದ 5 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ ಪರದೆ ನೋಡಲು ಬಿಡಬಹುದು ಎಂಬುದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಇವನಿಗೆ ಅಸರ್ (ಇಳಿಹೊತ್ತಿನ) ನಮಾಜಿನ ನಂತರ ಅರ್ಧ ಗಂಟೆ ಗೊತ್ತುಮಾಡಿದೆವು. ಹತ್ತು ನಿಮಿಷದ ಮೂರು ವಿಡಿಯೊಗಳನ್ನು ಉಮ್ಮನೇ ನೋಡಿ ಡೌನ್‌ಲೋಡ್ ಮಾಡಿಟ್ಟು, ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ ಕೊಡಬೇಕು. ಆಗ ನಾಲ್ಕನೆಯದು ತಾನಾಗಿ ಶುರುವಾಗುವುದಿಲ್ಲ, ವಿಡಿಯೊದ ನಡುವೆ ಕಸಿಯುವ ಪ್ರಸಂಗವೂ ಬರುವುದಿಲ್ಲ. ಸೂರ್ಯಾಸ್ತದ ಮಗ್ರಿಬ್ ಬಾಂಗ್ ಕೇಳಿದರೆ ಎಲ್ಲರ ಫೋನೂ ಕಪಾಟಿಗೆ, ಉಮ್ಮನದು ಮೊದಲು.

ಊಟಕ್ಕೆ ಫೋನಿಲ್ಲ. ಎಲ್ಲರೂ ಒಟ್ಟಿಗೆ ಚಾಪೆಯಲ್ಲಿ ಕೂತು ಬಿಸ್ಮಿಲ್ಲಾ ಹೇಳಿ ಶುರು. ಅರ್ಧ ಗಂಟೆ ಕಳೆದರೆ ತಟ್ಟೆ ಎತ್ತುವುದು, ತುರುಕುವುದು ಬೇಡ. ಲೆಕ್ಕ ತಪ್ಪಿದ್ದು ಇಲ್ಲಿಯೇ. ಉಣ್ಣದ ಮೊಮ್ಮಗನಿಗೆ ಅಜ್ಜಿ ಗುಟ್ಟಾಗಿ ಬಿಸ್ಕೆಟ್ ಕೊಟ್ಟರು, ಮುಂದಿನ ಊಟಕ್ಕೆ ಹಸಿವೆಯೇ ಇರಲಿಲ್ಲ. ಅಜ್ಜಿಯನ್ನು ಕೂರಿಸಿಕೊಂಡು ಮಾತಾಡದೆ ಈ ಹೆಜ್ಜೆ ಮುಂದೆ ಹೋಗಲಿಲ್ಲ.

ಮೊದಮೊದಲು ಅಳು ಹೆಚ್ಚುತ್ತದೆ ಎಂದು ಮುಂಚೆಯೇ ಹೇಳಿದ್ದೆವು. ಇಪ್ಪತ್ತು ನಿಮಿಷ ಅತ್ತ ಮೇಲೆ ಕೊಟ್ಟರೆ, ಇಪ್ಪತ್ತು ನಿಮಿಷ ಅಳಬೇಕೆಂದು ಮಗು ಕಲಿಯುತ್ತದೆ.

ಉಪ್ಪನ ಕರೆ ಈ ಲೆಕ್ಕಕ್ಕೆ ಸೇರದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 6 ಆದಾಗ ಇಲ್ಲಿ 7.30. ಮಗ ಮಲಗುವ ಹೊತ್ತಿಗೆ ಮುಂಚೆ ಆ ಕರೆಗಷ್ಟೇ ಕಪಾಟು ತೆರೆಯುವುದು. ಫೋನು ಶೆಲ್ಫಿನ ಮೇಲೆ, ಮಗನ ಕೈಯಲ್ಲಲ್ಲ. ಸಲಾಂ ಹೇಳಿ ಕರೆ ಮುಗಿಸುವುದು ಉಪ್ಪನ ಕೆಲಸ.

ಹೆಸರು ಹಿಡಿದು ಕರೆದರೂ ತಿರುಗದ, ಈ ವಯಸ್ಸಿಗೂ ವಾಕ್ಯ ಕಟ್ಟದ ಮಗುವಾದರೆ ತಪ್ಪನ್ನು ಫೋನಿನ ಮೇಲೆ ಹಾಕಿ ಕಾಯಬಾರದು. ಕಿವಿ ಪರೀಕ್ಷೆ ಮಾಡಿಸಿ ಮಕ್ಕಳ ವೈದ್ಯರಿಗೆ ತೋರಿಸಬೇಕು. ಇವನಿಗೆ ಆ ತೊಂದರೆ ಇರಲಿಲ್ಲ.