ಹೊಸ ಗಾಡಿ, ಎಂಜಿನ್ ಸೀಜ್, ವಾರಂಟಿ ಬರಲ್ಲ ಅಂತಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್ ನಮಸ್ಕಾರ. ಏಳು ತಿಂಗಳ ಹಿಂದ ಹೈದರಾಬಾದ್ ಶೋರೂಮಿನಾಗ 1.5 ಲೀಟರ್ ಟರ್ಬೊ ಪೆಟ್ರೋಲ್, ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಇರೋ ಸ್ಪೋರ್ಟ್ಸ್ ಮಾಡೆಲ್ ತಗೊಂಡೆವು, 18 ಲಕ್ಷ ಬಿತ್ತು, ಅರ್ಧ ಲೋನ್ ಅದ. ಓಡಿದ್ದು 8 ಸಾವಿರ ಕಿ.ಮೀ ಅಷ್ಟೇ. ಹೋದ ವಾರ ವಾಪಸ್ ಬರಾಗ ಹುಮನಾಬಾದ್ ದಾಟಿ ಕಮಲಾಪುರ ಕಡಿ ಬರ್ತಿದ್ದೆ, ಲಾರಿ ಓವರ್‌ಟೇಕ್ ಮಾಡ್ಲಾಕ ಎಕ್ಸಿಲೇಟರ್ ಒತ್ತಿದೆ, ಒಳಗಿಂದ ಕಟಕಟ ಸಪ್ಪಳ ಶುರು ಆಯ್ತು, ಕೆಂಪು ಆಯಿಲ್ ಲೈಟ್ ಬಂತು, ಸೈಡಿಗೆ ತಗೊಳ್ಳೋದ್ರಾಗ ಗಾಡಿ ಬಂದ್. ಮತ್ತ ಸೆಲ್ಫ್ ಹೊಡದ್ರ ಎಂಜಿನ್ ತಿರುಗೇ ಇಲ್ಲ. ಟೋ ಮಾಡಿ ಹೈದರಾಬಾದಿಗೇ ಒಯ್ದಾರ. ಈಗ ಸರ್ವಿಸ್ ಸೆಂಟರ್‌ನವ್ರು ನೀವು ರೇಸ್ ಓಡ್ಸೀರಿ, ಆಯಿಲ್ ನೋಡ್ಕೊಂಡಿಲ್ಲ, ವಾರಂಟಿ ಬರಲ್ಲ, ನಾಕೂವರೆ ಲಕ್ಷ ಆಗ್ತದ ಅಂತಾರ. ಎಂಜಿನ್ ಬಿಚ್ಚಲಾಕ ಸಹಿ ಮಾಡ್ರಿ ಅಂತ ಫಾರ್ಮ್ ಕಳ್ಸ್ಯಾರ. ಇನ್ಶೂರೆನ್ಸ್ ಏಜೆಂಟನೂ ಆಗಲ್ಲ ಅಂದಾನ. ರಿಮ್ಯಾಪ್ (ಪವರ್ ಹೆಚ್ಚಿಸ್ಲಾಕ ಎಂಜಿನ್ ಸಾಫ್ಟ್‌ವೇರ್ ಬದಲಿಸೋದು) ಏನೂ ಮಾಡ್ಸಿಲ್ಲ. ಏನ್ ಮಾಡ್ಲಿ? ಕೇಸ್ ಹಾಕ್ಬೇಕಂದ್ರ ಹೈದರಾಬಾದಿಗೇ ತಿರುಗಾಡ್ಬೇಕಾ?
(ಹೆಸರು ಬ್ಯಾಡ ಅಂದಾರ, ಕಲಬುರಗಿ)

ಉತ್ತರ: ಆ ಫಾರ್ಮಿಗೆ ಇವತ್ತೇ ಸಹಿ ಹಾಕಬ್ಯಾಡ್ರಿ. ಮೊದಲು ಓದ್ರಿ, ಅದ್ರಾಗ "ರಿಪೇರಿ ಖರ್ಚು ಗ್ರಾಹಕರದ್ದು" ಅನ್ನೋ ಸಾಲು ಇದ್ರ ಅದನ್ನ ಹೊಡದು ಹಾಕಿ "ಕಾರಣ ಪತ್ತೆ ಮಾಡ್ಲಾಕ ಮಾತ್ರ ಬಿಚ್ಚಲಾಕ ಒಪ್ಪಿಗೆ, ನನ್ನ ಎದುರಿಗೆ ಬಿಚ್ಚಬೇಕು, ಹಳೆ ಪಾರ್ಟ್ಸ್ ಒಂದೂ ಬಿಸಾಕಬಾರ್ದು" ಅಂತ ಕೈಯಿಂದ ಬರದು ಆಮ್ಯಾಲ ಸಹಿ ಮಾಡ್ರಿ, ಅದರ ಫೋಟೊ ತಕ್ಕೊಂಡು ಕಂಪನಿ ಕಸ್ಟಮರ್ ಕೇರಿಗೂ ಮೇಲ್ ಹಾಕ್ರಿ. ಇಷ್ಟು ಒತ್ತಿ ಹೇಳ್ಲಾಕ ಕಾರಣ ಅದ. ಎಂಜಿನ್ ಯಾಕ ಹೋಯ್ತು ಅನ್ನೋದಕ್ಕ ಸಾಕ್ಷಿ ಪೂರಾ ಆ ಎಂಜಿನ್ ಒಳಗೇ ಅದ, ಒಮ್ಮೆ ಬಿಚ್ಚಿ ಆಯಿಲ್ ಚೆಲ್ಲಿ ತೊಳದು ಇಟ್ಟ್ರಂದ್ರ ಆಮ್ಯಾಲ ಯಾವ ಕೋರ್ಟಿಗೆ ಹೋದ್ರೂ ನಿಮ್ಮ ಕೈಯಾಗ ಬರೀ ಬಾಯಿ ಮಾತು ಉಳೀತದ.

ಬಿಚ್ಚೋ ದಿನ ನೀವೇ ಹೋಗ್ರಿ, ಜೊತಿಗಿ ಎಂಜಿನ್ ಕೆಲಸ ಗೊತ್ತಿರೋ ಮೆಕ್ಯಾನಿಕ್ ಒಬ್ಬರನ್ನ ಕರ್ಕೊಂಡು ಹೋಗ್ರಿ. ಮೊದಲು ಗಾಡಿ ಎತ್ತಿಸಿ ಕೆಳಗ ಆಯಿಲ್ ಸಂಪ್ (ಆಯಿಲ್ ನಿಲ್ಲೋ ತಳದ ಡಬ್ಬಿ) ನೋಡ್ರಿ, ಕಲ್ಲು ಬಡದ ಗುರುತು, ಸೀಳು, ಆಯಿಲ್ ಸೋರಿದ್ದು ಏನಾರ ಅದ ಏನು ಅಂತ. ಅಲ್ಲಿ ಏಟು ಕಂಡ್ರ ವಿಷಯಾನೇ ಬ್ಯಾರೆ ಆಗ್ತದ, ಅದು ಇನ್ಶೂರೆನ್ಸ್ ಕ್ಲೇಮಿನ ದಾರಿ. ಆಮ್ಯಾಲ ಆಯಿಲ್ ಇಳಿಸುವಾಗ ಎಷ್ಟು ಬಂತು ಅಂತ ಅಳತಿ ಮಾಡ್ಸ್ರಿ, ವಿಡಿಯೊ ಮಾಡ್ರಿ, ಎರಡು ಬಾಟಲಿ ಸ್ಯಾಂಪಲ್ ತಗದು ಸೀಲ್ ಮಾಡಿ ಇಬ್ಬರೂ ಸಹಿ ಹಾಕ್ರಿ. ಆಯಿಲ್ ಫಿಲ್ಟರ್ ಕತ್ತರಿಸಿ ತೋರಿಸ್ರಿ ಅನ್ರಿ, ಒಳಗ ಹೊಳಿಯೋ ಲೋಹದ ಪುಡಿ ಅದ ಇಲ್ಲ ಗೊತ್ತಾಗ್ತದ.

ಈಗ ಒಳಗ ಏನ್ ನೋಡ್ಬೇಕು. ನೀವು ಹೇಳಿದ ಲಕ್ಷಣ, ಅಂದ್ರ ಕಟಕಟ ಸಪ್ಪಳ, ಆಯಿಲ್ ಲೈಟ್, ಆಮ್ಯಾಲ ಜಾಮ್, ಇವು ಹೆಚ್ಚಾಗಿ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನ ಕ್ರ್ಯಾಂಕ್ ಅನ್ನೋ ತಿರುಗೋ ಶಾಫ್ಟಿಗೆ ಜೋಡಿಸೋದು) ಬೇರಿಂಗ್ ಕಡಿ ಬೆರಳು ತೋರಿಸ್ತಾವ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವ ಆಯಿಲಿನ ತೆಳು ಪದರ ಇರ್ತದ, ಪ್ರೆಶರ್ ಹೋದ್ರ ಆ ಪದರ ಹೋಗಿ ಲೋಹಕ್ಕ ಲೋಹ ಉಜ್ಜತದ. ಎಲ್ಲಾ ಬೇರಿಂಗ್‌ಗಳೂ ಒಂದೇ ನಮೂನಿ ಸುಟ್ಟು ನೀಲಿ-ಕಪ್ಪು ಆಗಿದ್ರ ಪೂರಾ ಎಂಜಿನ್ನಿಗೇ ಆಯಿಲ್ ಸಿಕ್ಕಿಲ್ಲ ಅಂತ ಅನುಮಾನ ಮಾಡಬೇಕು: ಆಯಿಲ್ ಕಮ್ಮಿ ಇತ್ತು, ಇಲ್ಲಾ ಪಂಪ್ ಕೆಟ್ಟದ, ಇಲ್ಲಾ ಸಂಪಿನಾಗಿನ ಜಾಳಗಿ ಕಟ್ಟಿಕೊಂಡದ. ಒಂದೇ ಸಿಲಿಂಡರಿನ ಬೇರಿಂಗ್ ಹೋಗಿ ಉಳಿದವು ಚಲೋ ಇದ್ರ, ಆ ಒಂದು ಜಾಗದಾಗ ಏನ್ ಆಗ್ಯದ ಅಂತ ಕೇಳಬೇಕು: ಬೋಲ್ಟ್ ಟೈಟ್ ಇತ್ತಾ, ಆಯಿಲ್ ದಾರ್ಯಾಗ ಚೂರು ಸಿಕ್ಕದಾ. ಆಯಿಲ್ ಮಟ್ಟ ಸರಿ ಇದ್ದು ಹಿಂಗ ಆಗಿದ್ರ "ನೀವು ನೋಡ್ಕೊಂಡಿಲ್ಲ" ಅನ್ನೋ ಮಾತಿಗೆ ಬಲ ಇಲ್ಲ.

ಪಿಸ್ಟನ್ನೂ ನೋಡ್ರಿ. ಮ್ಯಾಲಿನ ರಿಂಗಿಗೂ ಎರಡನೇ ರಿಂಗಿಗೂ ನಡುವಿನ ಪಟ್ಟಿ ಮುರದಿದ್ರ ಅದು ಸಣ್ಣ ಟರ್ಬೊ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರಿಗೇ ಸಿಡಿಸೋ) ಎಂಜಿನ್‌ಗಳ ಹೆಸರಾದ ಕಾಯಿಲೆ ಇರಬಹುದು. ಕಮ್ಮಿ ಆರ್‌ಪಿಎಂನಾಗ (ಎಂಜಿನ್ ತಿರುಗೋ ವೇಗ) ಜೋರು ಲೋಡ್ ಬಿದ್ದಾಗ ಸಿಲಿಂಡರಿನಾಗಿನ ಆಯಿಲ್ ಹನಿ ಸ್ಪಾರ್ಕಿಗಿಂತ ಮುಂಚೇನೇ ಹೊತ್ತಿ, ಭಯಂಕರ ಒತ್ತಡ ಬಂದು ಪಿಸ್ಟನ್ ಒಡೀತದ. ಇದನ್ನ ತಡೀಲಾಕ 2018ರಾಗ ಎಪಿಐ ಎಸ್‌ಎನ್ ಪ್ಲಸ್, 2020ರಾಗ ಎಪಿಐ ಎಸ್‌ಪಿ ಅನ್ನೋ ಆಯಿಲ್ ದರ್ಜೆ ಬಂದವು. ರಾಡ್ ಬಾಗಿದ್ದು, ಏರ್ ಫಿಲ್ಟರ್ ಒದ್ದಿ ಆಗಿದ್ದು ಕಂಡ್ರ ನೀರು ಹೊಕ್ಕದ ಅಂತ ಅರ್ಥ, ನಿಮ್ ಕೇಸಿನಾಗ ಮಳಿ ನೀರಿನ ಮಾತೇ ಇಲ್ಲ.

ರೇಸ್ ಓಡ್ಸೀರಿ ಅನ್ನೋ ಆರೋಪಕ್ಕ ಬರ್ತೀನಿ. ನಿಮ್ದು ಆಟೊಮ್ಯಾಟಿಕ್. ಎಂಜಿನ್ ಮಿತಿ ದಾಟಿ ತಿರುಗೋ ಹಂಗ ಕೆಳಗಿನ ಗೇರ್ ಹಾಕ್ಲಾಕ ಗೇರ್‌ಬಾಕ್ಸಿನ ಕಂಪ್ಯೂಟರೇ ಬಿಡಲ್ಲ, ಎಕ್ಸಿಲೇಟರ್ ಪೂರಾ ಒತ್ತಿದ್ರೂ ರೆವ್ ಲಿಮಿಟರ್ ತಡೀತದ. ಸ್ಪೋರ್ಟ್ಸ್ ಮಾಡೆಲ್ ಅಂತ ಮಾರಿದ ಗಾಡ್ಯಾಗ ಓವರ್‌ಟೇಕಿಗೆ ಎಕ್ಸಿಲೇಟರ್ ಒತ್ತೋದು ತಪ್ಪು ಬಳಕೆ ಆಗಲ್ಲ, ಅದಕ್ಕಂತಾನೇ ಜನ ರೊಕ್ಕ ಜಾಸ್ತಿ ಕೊಡ್ತಾರ. ಇಸಿಯು (ಎಂಜಿನ್ನಿನ ಕಂಪ್ಯೂಟರ್) ಒಳಗ ಫಾಲ್ಟ್ ಕೋಡ್, ಕೆಟ್ಟ ಗಳಿಗ್ಯಾಗ ಆರ್‌ಪಿಎಂ ಎಷ್ಟು, ಟೆಂಪರೇಚರ್ ಎಷ್ಟು ಅನ್ನೋದು ದಾಖಲಾಗಿರ್ತದ, ಅದರ ಪ್ರಿಂಟ್ ಬರಹದಾಗ ಕೇಳ್ರಿ. ಆಯಿಲ್ ವಿಷಯದಾಗ ಮಾತ್ರ ಅವರ ಮಾತಿಗೂ ಒಂದಿಷ್ಟು ಜಾಗ ಅದ, ನಡುನಡುವ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯೋ ಕಡ್ಡಿ) ನೋಡ್ರಿ ಅಂತ ಮ್ಯಾನುಯಲ್‌ನಾಗ ಬರದಿರ್ತಾರ. ಆದ್ರ ಸೋರಿಲ್ಲ ಅಂದ್ರ 8 ಸಾವಿರ ಕಿ.ಮೀ ಒಳಗ ಅಷ್ಟೊಂದು ಆಯಿಲ್ ಎಲ್ಲಿ ಹೋಯ್ತು ಅನ್ನೋದಕ್ಕ ಅವರೇ ಉತ್ತರ ಕೊಡಬೇಕು, ರಿಂಗ್ ಇಲ್ಲಾ ಟರ್ಬೊ ಸೀಲ್ ತಿಂದಿದ್ರ ಅದೂ ಎಂಜಿನ್ ದೋಷಾನೇ.

"ನಮ್ಮ ಎಂಜಿನ್ ಹಂಗ ಹೋಗಾಂಗಿಲ್ಲ" ಅಂದ್ರ ಇದನ್ನ ಹೇಳ್ರಿ. 2014ರಾಗ ಪೋರ್ಶೆ 911 ಜಿಟಿ3 ಎರಡು ಗಾಡಿಗೆ ಯುರೋಪಿನಾಗ ಬೆಂಕಿ ಹತ್ತಿತು, ಕನೆಕ್ಟಿಂಗ್ ರಾಡಿನ ಬೋಲ್ಟ್ ಸಡಿಲಾಗಿ ಎಂಜಿನ್ ಒಡದಿದ್ದೇ ಕಾರಣ ಅಂತ ಕಂಪನಿಯೇ ಒಪ್ಪಿ, 785 ಗಾಡಿಗಳನ್ನ ಓಡಿಸಬ್ಯಾಡ್ರಿ ಅಂತ ಹೇಳಿ ಎಲ್ಲಾಕೂ ಎಂಜಿನ್ ಬದಲಿ ಮಾಡ್ತು. 2024ರಾಗ ಟೊಯೊಟಾ ಅಮೆರಿಕದಾಗ ಸುಮಾರು 1 ಲಕ್ಷ ಟಂಡ್ರಾ, ಲೆಕ್ಸಸ್ ಎಲ್‌ಎಕ್ಸ್ ವಾಪಸ್ ಕರೀತು, ಫ್ಯಾಕ್ಟರ್ಯಾಗ ಕೊರೆದ ಲೋಹದ ಚೂರು ಎಂಜಿನ್ ಒಳಗೇ ಉಳದಿತ್ತು. 2025ರಾಗ ಜನರಲ್ ಮೋಟರ್ಸ್ 6.2 ಲೀಟರ್ ವಿ8 ಎಂಜಿನ್ನಿಂದು, ಅಮೆರಿಕದಾಗೇ ಸುಮಾರು 6 ಲಕ್ಷ ಗಾಡಿ, ಕ್ರ್ಯಾಂಕ್ ಮತ್ತ ರಾಡ್ ದೋಷ. ಇಷ್ಟು ದೊಡ್ಡ ಕಂಪನಿಗಳಿಗೇ ಆಗ್ಯದ ಅಂದಮ್ಯಾಲ ಬಿಚ್ಚಿ ನೋಡೋಕ್ಕಿಂತ ಮುಂಚೇನೇ ಗ್ರಾಹಕನ ತಲಿಗೆ ಕಟ್ಟೋದು ನ್ಯಾಯ ಅಲ್ಲ, ಈ ಚಾಳಿ ನೋಡಿದ್ರ ನನಗ ಭಾಳ ಸಿಟ್ಟು ಬರ್ತದ.

ಏಜೆಂಟ್ ಹೇಳಿದ್ದು ಮಾತ್ರ ಖರೆ, ಸಾದಾ ಪಾಲಿಸಿ ಒಳಗ ಮೆಕ್ಯಾನಿಕಲ್ ಬ್ರೇಕ್‌ಡೌನ್ ಬರಲ್ಲ. ಎಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್ ಇದ್ರೂ ಅದು ಹೆಚ್ಚಾಗಿ ನೀರು ಹೊಕ್ಕಿದ್ದಕ್ಕ, ಕೆಳಗ ಏಟು ಬಿದ್ದು ಆಯಿಲ್ ಸೋರಿದ್ದಕ್ಕ.

ಕೇಸಿಗೆ ಹೈದರಾಬಾದಿಗೆ ಹೋಗೋದು ಬ್ಯಾಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ಇರೋ ಊರಿನಾಗೇ ದೂರು ಕೊಡಬಹುದು, ಅಂದ್ರ ಕಲಬುರಗಿ ಜಿಲ್ಲಾ ಆಯೋಗದಾಗ. ಕೊಟ್ಟ ಬೆಲಿ 50 ಲಕ್ಷದ ತನಕ ಇದ್ರ ಜಿಲ್ಲಾ ಆಯೋಗಾನೇ ನೋಡ್ತದ, 10ರಿಂದ 20 ಲಕ್ಷಕ್ಕ ಫೀ 400 ರೂಪಾಯಿ, ಎರಡು ವರ್ಷದ ಒಳಗ ಹಾಕಬೇಕು. ದೋಷ ಕಣ್ಣಿಗೆ ಕಾಣಲ್ಲ ಅಂದ್ರ ಲ್ಯಾಬಿಗೆ ಕಳಿಸೋ ಅಧಿಕಾರ ಆಯೋಗಕ್ಕ ಅದ, ಅದಕ್ಕೇ ಆ ಸೀಲ್ ಬಾಟಲಿ, ಆ ಬೇರಿಂಗ್ ಬೇಕು. ಅದಕ್ಕೂ ಮುಂಚೆ 1915ಕ್ಕ ಫೋನ್ ಮಾಡಿ ನ್ಯಾಷನಲ್ ಕನ್ಸ್ಯೂಮರ್ ಹೆಲ್ಪ್‌ಲೈನಿನಾಗ ದೂರು ದಾಖಲಿಸ್ರಿ, ಎಷ್ಟೋ ಸಲ ಕಂಪನಿಯವ್ರು ಅಲ್ಲೇ ಮಾತಿಗೆ ಬರ್ತಾರ. ಬೇಡಿಕೆ ಮಾತ್ರ ಸರಿಯಾಗಿ ಇಡ್ರಿ. ಗಾಡೀನೇ ಬದಲಿ ಕೊಡ್ರಿ ಅಂತ ಪಟ್ಟು ಹಿಡದ್ರ ಕಷ್ಟ, ಪಾರ್ಟ್ ಬದಲಿಸಿ ಸರಿ ಮಾಡೋದಿದ್ರ ಪೂರಾ ಕಾರ್ ಬದಲಿಸಬೇಕಿಲ್ಲ ಅಂತ 2006ರಾಗ ಮಾರುತಿ ಕಾರಿನ ಕೇಸಿನಾಗ ಸುಪ್ರೀಂ ಕೋರ್ಟ್ ಹೇಳ್ಯದ. ಪೂರಾ ಹೊಸ ಎಂಜಿನ್, ಅದಕ್ಕ ಹೊಸದಾಗಿ ವಾರಂಟಿ, ಗಾಡಿ ನಿಂತ ತಿಂಗಳುಗಳ ಪರಿಹಾರ, ಇಷ್ಟು ಕೇಳ್ರಿ. ಹೊಸ ಎಂಜಿನ್ ನಂಬರ್ ಆರ್‌ಸಿ ಒಳಗ ಬದಲಿ ಮಾಡಿಸೋದು ಮರೀಬ್ಯಾಡ್ರಿ. ಲೋನ್ ಕಂತು ಮಾತ್ರ ನಿಲ್ಲಿಸಬ್ಯಾಡ್ರಿ, ಬ್ಯಾಂಕಿಗೂ ಈ ಜಗಳಕ್ಕೂ ಸಂಬಂಧ ಇಲ್ಲ.

ಪ್ರಶ್ನೆ: ಟರ್ಬೊ ಪೆಟ್ರೋಲ್ ಗಾಡಿಗೆ ಸ್ಟೇಜ್ ಒನ್ ರಿಮ್ಯಾಪ್ ಮಾಡ್ಸಬೇಕಂತ ಅದ. ಸರ್ವಿಸಿಗೆ ಬಿಡೋ ಮುಂಚೆ ಮತ್ತ ಸ್ಟಾಕ್ ಫೈಲ್ (ಕಂಪನಿ ಕೊಟ್ಟ ಮೂಲ ಸಾಫ್ಟ್‌ವೇರ್) ಹಾಕಿದ್ರ ವಾರಂಟಿ ಉಳೀತದ ಅಂತಾರ, ಖರೇನಾ?
(ಬೀದರ್)

ಉತ್ತರ: ನಂಬಬ್ಯಾಡ್ರಿ. ಎಷ್ಟು ಸಲ ಫ್ಲ್ಯಾಶ್ ಆಗ್ಯದ, ಅಂದ್ರ ಸಾಫ್ಟ್‌ವೇರ್ ಬದಲಾಗ್ಯದ ಅನ್ನೋ ಲೆಕ್ಕ ಭಾಳಷ್ಟು ಇಸಿಯುಗಳಾಗ ಉಳೀತದ, ಸ್ಟಾಕ್ ಫೈಲ್ ಹಾಕಿದ್ರೂ ಆ ಗುರುತು ಹೋಗಲ್ಲ. ಮ್ಯಾಲಿನ ಪ್ರಶ್ನಿ ಕೇಳಿದವರ ಕೈಯಾಗ ಈಗ ಇರೋ ದೊಡ್ಡ ಬಲ ಏನು ಅಂದ್ರ ರಿಮ್ಯಾಪ್ ಮಾಡ್ಸಿಲ್ಲ ಅನ್ನೋದೇ. ನಮ್ಮ ಕಡಿ ಬ್ಯಾಸಗ್ಯಾಗ 42 ಡಿಗ್ರಿ ಬಿಸಿಲಿರ್ತದ, ಒಳಗ ಹೋಗೋ ಗಾಳಿ ಕಾದಷ್ಟೂ ನಾಕಿಂಗ್ (ಪೆಟ್ರೋಲ್ ತಪ್ಪು ಹೊತ್ತಿನಾಗ ತಾನೇ ಹೊತ್ತಿ ಬಡಿಯೋದು) ಜಾಸ್ತಿ, ಕಂಪನಿಯವ್ರು ಅದಕ್ಕಂತ ಬಿಟ್ಟ ಸುರಕ್ಷಿತ ಅಂತರಾನೇ ರಿಮ್ಯಾಪ್ ತಿಂದು ಹಾಕ್ತದ. ಮಾಡ್ಸೋದೇ ಇದ್ರ ವಾರಂಟಿ ಮುಗದಮ್ಯಾಲ ಮಾಡ್ಸ್ರಿ, ಇನ್ಶೂರೆನ್ಸ್ ಕಂಪನಿಗೂ ತಿಳಿಸ್ರಿ.

ಪ್ರಶ್ನೆ: ಕೆಂಪು ಆಯಿಲ್ ಲೈಟ್ ಬಂದ್ರ ಹತ್ತಿರದ ಊರಿನ ತನಕ ಸಾವಕಾಶ ಹೋಗಬಹುದಾ?
(ಯಾದಗಿರಿ)

ಉತ್ತರ: ಇಲ್ಲ, ಒಂದು ಕಿ.ಮೀ ಕೂಡ ಬ್ಯಾಡ. ಹಳದಿ ಲೈಟ್ ಅಂದ್ರ ಹೆಚ್ಚಾಗಿ ಮಟ್ಟ ಕಮ್ಮಿ ಆಗ್ಯದ, ಆಯಿಲ್ ಹಾಕ್ರಿ ಅಂತ. ಕೆಂಪು ಅಂದ್ರ ಪ್ರೆಶರೇ ಇಲ್ಲ. ಸುರಕ್ಷಿತ ಜಾಗಕ್ಕ ಸೈಡಿಗೆ ತಗೊಂಡು ಅದೇ ಗಳಿಗ್ಯಾಗ ಎಂಜಿನ್ ಬಂದ್ ಮಾಡ್ರಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ ಫೋಟೊ ತಗೀರಿ. ಮಟ್ಟ ಸರಿ ಕಂಡ್ರೂ ಸ್ಟಾರ್ಟ್ ಮಾಡಿ ನೋಡೋಣ ಅನ್ನಬ್ಯಾಡ್ರಿ, ಪಂಪ್ ಹೋಗಿದ್ರ ಸಂಪ್ ತುಂಬ ಆಯಿಲ್ ಇದ್ರೂ ಮ್ಯಾಲ ಹತ್ತಲ್ಲ. ಕಂಪನಿ ರೋಡ್‌ಸೈಡ್ ಅಸಿಸ್ಟೆನ್ಸಿಗೆ ಫೋನ್ ಮಾಡ್ರಿ, ಫ್ಲ್ಯಾಟ್‌ಬೆಡ್ ಮ್ಯಾಲೇ ಒಯ್ಯಲಾಕ ಹೇಳ್ರಿ.