ಸೊಂಟದ ಕೀಲಿನ ಸ್ಟಿಕ್ಕರ್ ಹುಡುಕಿ
2009ರಲ್ಲಿ ತಂದೆಯವರಿಗೆ ಹಾಕಿದ ಕೃತಕ ಸೊಂಟದ ಕೀಲು, ಕಂಪನಿ ವಾಪಸ್ ಪಡೆದ ಮಾದರಿಯದಾ ಅಂತ ಕೇಳಿದ್ದೀರಿ. ಮೊದಲು ಆಪರೇಷನ್ ಫೈಲ್ ತೆಗೆಯಿರಿ. ಬಾರ್‌ಕೋಡ್ ಇರುವ ಪುಟ್ಟ ಸ್ಟಿಕ್ಕರ್‌ಗಳನ್ನು ಸಾಮಾನ್ಯವಾಗಿ ಅಲ್ಲೇ ಅಂಟಿಸಿರುತ್ತಾರೆ. ಕಂಪನಿ, ಮಾದರಿ, ಲಾಟ್ ನಂಬರ್ (ಯಾವ ಕಂತಿನಲ್ಲಿ ತಯಾರಾಯ್ತು ಅನ್ನೋ ಸಂಖ್ಯೆ) ಅದರಲ್ಲೇ ಇರುತ್ತೆ. ಸಿಗದಿದ್ದರೆ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಕೇಳಿ, ಬಿಡಬೇಡಿ.

ಸ್ಟಿಕ್ಕರ್‌ನಲ್ಲಿ ಡಿಪ್ಯೂ ಕಂಪನಿಯ ಎಎಸ್‌ಆರ್ ಮಾದರಿ ಅಂತಿದ್ದರೆ ಬೇಗ ಮೂಳೆ ಡಾಕ್ಟರ್‌ಗೆ ತೋರಿಸಿ. ಅದನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆದರು. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತಿತ್ತು, ಸುತ್ತಲಿನ ಮಾಂಸವೂ ಹಾಳಾಗುತ್ತಿತ್ತು. ನೋವಿಲ್ಲ ಅಂತ ಸುಮ್ನೆ ಕೂರಬೇಡಿ. ರಕ್ತಪರೀಕ್ಷೆ, ಸ್ಕ್ಯಾನ್ ಬಗ್ಗೆ ನೀವೇ ಕೇಳಿ. ಹಾಗಂತ ಗಾಬರಿ ಬೇಡ, ಎಲ್ಲರಿಗೂ ಮತ್ತೆ ಆಪರೇಷನ್ ಬೇಕಾಗಲ್ಲ. ಸ್ಟಿಕ್ಕರ್ ಸಿಕ್ಕರೆ ಅದರ ಮೇಲೆ ಏನಿದೆ ಅಂತ ಇಲ್ಲಿ ಬರೆಯಿರಿ, ನೋಡೋಣ.