ಲಿಂಕನ್ ಚಿತ್ರ ಅಸಲಿಯೇ? ಅಡಿಬರಹ ಬಿಡಿ, ಕೆನ್ನೆ ನೋಡಿ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಅಬ್ರಹಾಂ ಲಿಂಕನ್ ಅವರ ಬಣ್ಣದ ಕಲ್ಲಚ್ಚು (ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತಿದ ಚಿತ್ರ) ಕೊಂಡೆವು. ಅಡಿಯಲ್ಲಿ ‘ಕರಿಯರ್ ಅಂಡ್ ಐವ್ಸ್, 152 ನಸಾವ್ ಸ್ಟ್ರೀಟ್, ನ್ಯೂಯಾರ್ಕ್’ ಎಂದೂ 1860 ಎಂದೂ ಇದೆ. ಅಂಗಡಿಯವರು ಪ್ರಮಾಣಪತ್ರ ಕೊಟ್ಟಿದ್ದಾರೆ. ಅಸಲಿಯೇ?

ಉತ್ತರ: ಹೆಸರು, ವಿಳಾಸ, ಇಸವಿ ಇಷ್ಟನ್ನೇ ಬರೆದು ‘ಅಸಲಿಯೇ’ ಎಂದು ಕೇಳುವ ಪತ್ರಗಳಿಗೆ ಕೊನೆಯೇ ಇಲ್ಲ. ಮರುಮುದ್ರಣ ಮಾಡುವವನು ಚಿತ್ರದೊಂದಿಗೆ ಅಡಿಬರಹವನ್ನೂ ಎತ್ತಿಕೊಳ್ಳುತ್ತಾನೆ. ಕರಿಯರ್ ಅಂಡ್ ಐವ್ಸ್ 19ನೇ ಶತಮಾನದ ಚಿತ್ರ ಮುದ್ರಣ ಸಂಸ್ಥೆ; ಅದರ ಚಿತ್ರಗಳು 20ನೇ ಶತಮಾನದಲ್ಲಿ ಕ್ಯಾಲೆಂಡರುಗಳ ಮೇಲೂ ಅಚ್ಚಾಗಿವೆ. ಇನ್ನು ಮಾರಿದವನೇ ಬರೆದುಕೊಟ್ಟ ಪ್ರಮಾಣಪತ್ರವೋ, ಅದನ್ನು ಒಪ್ಪಿಕೊಳ್ಳುವವರು ನನ್ನ ಸಮಯ ಕೇಳಬಾರದು.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ತಂದು ಕೆನ್ನೆಯ ನೆರಳಿನ ಮೇಲೆ ಹಿಡಿಯಿರಿ. ಸಾಲಾಗಿ ನಿಂತ ಚುಕ್ಕೆಗಳು, ನೀಲಿ, ಕೆಂಪು, ಹಳದಿ ಕೂಡಿಕೊಂಡು ಪುಟ್ಟ ಹೂವಿನಂತೆ ಕಂಡರೆ ಅದು ಆಫ್‌ಸೆಟ್, ಅಂದರೆ ಈಚಿನ ಯಂತ್ರಮುದ್ರಣ. ಗೋಡೆಗೆ ತೂಗುಹಾಕಿ, ಮರೆತುಬಿಡಿ. ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದದ್ದಾದರೆ ಕಪ್ಪು ಕಣಗಳು ಯಾವ ಲೆಕ್ಕಕ್ಕೂ ಸಿಗದೆ ಒರಟಾಗಿ ಹರಡಿರುತ್ತವೆ. ಬಳಿಕ ಬಣ್ಣ. ಈ ಸಂಸ್ಥೆಯಲ್ಲಿ ಅಚ್ಚಾಗುತ್ತಿದ್ದದ್ದು ಸಾಮಾನ್ಯವಾಗಿ ಕಪ್ಪು ಮಾತ್ರ. ಹೆಂಗಸರು ಸಾಲಾಗಿ ಕುಳಿತು, ಒಬ್ಬೊಬ್ಬರು ಒಂದೊಂದು ಬಣ್ಣದಂತೆ, ಜಲವರ್ಣ ತುಂಬುತ್ತಿದ್ದರು. ಸಣ್ಣ ಚಿತ್ರಗಳು ಕಾಲು ಡಾಲರಿನೊಳಗೆ ಮಾರಾಟವಾಗುತ್ತಿದ್ದ ಮೇಲೆ ನಾಜೂಕಿಗೆ ಪುರುಸೊತ್ತೆಲ್ಲಿ? ಚಿತ್ರದೊಳಗಿನ ಪರದೆಯ ಕೆಂಪು ಬಣ್ಣ ಗೆರೆಯನ್ನು ದಾಟಿ ಆಚೆ ಚಾಚಿದ್ದರೆ, ಅಂಚಿನಲ್ಲಿ ಮಡುಗಟ್ಟಿದ್ದರೆ ಅದು ಒಳ್ಳೆಯ ಲಕ್ಷಣ.

ಇಲ್ಲೊಂದು ಎಚ್ಚರಿಕೆ. ಒದ್ದೆ ಹತ್ತಿಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಅಸಲಿ ಎಂದು ಉಪದೇಶಿಸುವ ಪಂಡಿತರಿದ್ದಾರೆ. ಬಣ್ಣ ಬಿಡುತ್ತದೆ, ನಿಜ. ಅಸಲಿ ಎಂದು ತಿಳಿಯುವ ಹೊತ್ತಿಗೆ ನೀವೇ ಅದನ್ನು ಹಾಳು ಮಾಡಿರುತ್ತೀರಿ.

ಚುಕ್ಕೆಗಳಿಲ್ಲ ಎಂದ ಮಾತ್ರಕ್ಕೂ ಹಿಗ್ಗಬೇಡಿ. ಚುಕ್ಕೆಯಿಲ್ಲದೆ ನಕಲು ತೆಗೆಯುವ ವಿಧಾನಗಳೂ ಇದ್ದವು. ಚೌಕಟ್ಟಿನಿಂದ ಬಿಡಿಸಿ ಕಾಗದ, ಅಳತೆ ನೋಡದೆ ನಾನಂತೂ ‘ಅಸಲಿ’ ಎಂದು ಬರೆದುಕೊಡುವುದಿಲ್ಲ. ಫೋಟೋ ಕಳುಹಿಸಬೇಡಿ. ಮುದ್ರಿತ ಚಿತ್ರಗಳನ್ನು ಬಲ್ಲ ಕಾಗದ ಸಂರಕ್ಷಕರ ಬಳಿ ಒಯ್ಯಿರಿ.

ಪ್ರಶ್ನೆ: ನಮ್ಮ ಲಿಂಕನ್‌ಗೆ ಗಡ್ಡವೇ ಇಲ್ಲ. ನಕಲಿಯೇ?

ಉತ್ತರ: 1860ರ ಮೇ ತಿಂಗಳಲ್ಲಿ ಅಧ್ಯಕ್ಷ ಪದವಿಗೆ ಅಭ್ಯರ್ಥಿಯಾದಾಗ ಅವರಿಗೆ ಗಡ್ಡವಿರಲಿಲ್ಲ. ಚುನಾವಣೆ ಮುಗಿದ ಮೇಲೆ ಬಿಟ್ಟರು. ಪ್ರಕಾಶಕರು ಹಳೆಯ ಚಿತ್ರಗಳಿಗೇ ಊಹೆಯ ಮೇಲೆ ಗಡ್ಡ ಅಂಟಿಸಿದರು. ಅನುಮಾನ ಪಡುವುದಿದ್ದರೆ 1860ರ ಪ್ರಚಾರದ ಚಿತ್ರದಲ್ಲಿ ಗಡ್ಡ ಕಂಡಾಗ ಪಡಿ.

ಪ್ರಶ್ನೆ: ಚಿತ್ರದಡಿಯ ಸಹಿಗೆ ಬೇರೆ ಬೆಲೆ ಸಿಗುತ್ತದೆಯೇ?

ಉತ್ತರ: ಸಹಿಯೂ ಚಿತ್ರದ ಜೊತೆಗೇ ಅಚ್ಚಾದದ್ದು. ಇಲ್ಲ.

ಪ್ರಶ್ನೆ: ಕಂದು ಕಲೆಗಳಿಗೆ ನಿಂಬೆರಸ ಹಚ್ಚಿ, ಆಮೇಲೆ ಲ್ಯಾಮಿನೇಷನ್ ಮಾಡಿಸಬಹುದೇ?

ಉತ್ತರ: ಎರಡೂ ಬೇಡ. ಹುಳಿ ಕಾಗದವನ್ನು ತಿನ್ನುತ್ತದೆ, ಲ್ಯಾಮಿನೇಷನ್ ಬಿಡಿಸಲಾಗದು. ಚೌಕಟ್ಟಿನ ಹಿಂದಿನ ಮರದ ಹಲಗೆ ತೆಗೆಸಿ ಆಮ್ಲರಹಿತ ರಟ್ಟು ಹಾಕಿಸಿ, ಬಿಸಿಲು ಬೀಳದ ಗೋಡೆಗೆ ತೂಗುಹಾಕಿ.